ರುಚಿ ನೋಡಿದ ಬಾಯಿ

(ಕೀರ್ತನೆ 34:8; 1 ಪೇತ್ರ 2:1–3)



ಕೋಲಾರ ಸೀಮೆಯ ಹಳ್ಳಿಗಳಲ್ಲಿ ವಾಸವಾಗಿರುವ ಕ್ರೈಸ್ತರಾದ ನಾವು ಚಿಕ್ಕಂದಿನಿಂದಲೂ ಕೇಳುತ್ತಾ ಬಂದಿರುವ ನಿಂದೆಯೊಂದುಂಟು. ಹೊಲದ ಬದುವಿನ ವಿಷಯವಾಗಿಯೋ ನೀರಿನ ಸರದಿಯ ವಿಷಯವಾಗಿಯೋ ನೆರೆಯವರ ಸಂಗಡ ಮಾತು ಬೆಳೆದು, ಎದುರಾಳಿಗೆ ಬೇರೆ ಉತ್ತರ ತೋಚದೆ ಹೋದಾಗ ಅವನು ಕಡೆಯದಾಗಿ ಎಸೆಯುವ ಕಲ್ಲು ಅದೇ: ನಿಮ್ಮ ತಾತಂದಿರು ಗಂಜಿಗಾಗಿ ವೇದಕ್ಕೆ ಸೇರಿದವರಲ್ಲವೇ! ಈ ಮಾತು ಕಿವಿಗೆ ಬಿದ್ದೊಡನೆ ಕೆಲವರು ಕೋಪದಿಂದ ಕೈಯೆತ್ತುತ್ತಾರೆ. ಕೆಲವರು ತಲೆತಗ್ಗಿಸಿ ಮನೆಗೆ ಬಂದು, ಹಿರಿಯರ ವೃತ್ತಾಂತವನ್ನು ಮಕ್ಕಳಿಗೆ ಹೇಳದೆ ಮುಚ್ಚಿಡುತ್ತಾರೆ. ದೇವರ ಒಳ್ಳೆಯತನವನ್ನು ಅನುಭವಿಸಿ ಆತನಲ್ಲಿ ಬೆಳೆಯುವದನ್ನು ಕುರಿತು ಈ ತಿಂಗಳು ಧ್ಯಾನಿಸಬೇಕೆಂದಿರುವ ನಾವು ಈ ನಿಂದೆಯಿಂದಲೇ ಆರಂಭಿಸುವದು ಯುಕ್ತವೆಂದು ನಮಗೆ ತೋರಿತು. ಯಾಕಂದರೆ ನಿಂದಿಸುವವನು ತಾನರಿಯದೆ ಒಂದು ಸತ್ಯವನ್ನು ಹೇಳಿದ್ದಾನೆ.

ನಡೆದ ಸಂಗತಿ ಇದು. 1876ರಲ್ಲಿ ಮಳೆ ತಪ್ಪಿತು. ಧಾತು ಸಂವತ್ಸರದಲ್ಲಿ ಹಿಡಿದ ಬರವು ಈಶ್ವರ ಸಂವತ್ಸರವನ್ನೂ ನುಂಗಿ, 1878ರ ತನಕ ಮೈಸೂರು ಸೀಮೆಯನ್ನು ಹಾಳುಮಾಡಿತು. 1871ರ ಜನಗಣತಿಯಲ್ಲಿ ಈ ಸೀಮೆಯ ಜನರು 50 ಲಕ್ಷಕ್ಕಿಂತ ಹೆಚ್ಚಾಗಿದ್ದರು. 1881ರ ಗಣತಿಯಲ್ಲಿ 42 ಲಕ್ಷವೂ ಇರಲಿಲ್ಲ. ವರ್ಷವೆಲ್ಲಾ ಹರಿಯುವ ಹೊಳೆಯಿಲ್ಲದೆ ಕೆರೆಗಳನ್ನೇ ನಂಬಿಕೊಂಡಿರುವ ನಮ್ಮ ನಾಡಿನಲ್ಲಿ ಕೆರೆ ಒಣಗಿದರೆ ಮನುಷ್ಯನು ಎಲ್ಲಿಗೆ ಹೋದಾನು? ಆ ದಿನಗಳಲ್ಲಿ ದಿಕ್ಕಿಲ್ಲದೆ ಹೋದ ಮಕ್ಕಳನ್ನು ಸಾಕುವದಕ್ಕಾಗಿ ಆನ್‌ಸ್ಟೀ ಎಂಬ ಆಂಗ್ಲ ದೇಶದ ಅಮ್ಮನವರು ಕೋಲಾರದಲ್ಲಿ ಅನಾಥಾಲಯವನ್ನು ನಡಿಸಿದರು. 1890ರಲ್ಲಿ ಆ ಕೆಲಸವೆಲ್ಲಾ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಲ್ಪಟ್ಟಿತು. ನಮ್ಮ ಸಭೆಗಳಲ್ಲಿ ಕೆಲವು ಮನೆತನಗಳ ವಂಶಾವಳಿಯು ಆ ಅನಾಥಾಲಯದ ಬಾಗಿಲಿನ ಬಳಿಯಲ್ಲಿಯೇ ನಿಂತುಹೋಗುತ್ತದೆ. ಅದರ ಹಿಂದೆ ತಂದೆಯ ಹೆಸರಿಲ್ಲ, ಊರಿನ ಹೆಸರಿಲ್ಲ. ಬೇರೆ ಅನೇಕರ ಹಿರಿಯರು ಆಮೇಲೆ ಶಾಲೆಯ ಬಾಗಿಲಿನಿಂದಲೂ ಆಸ್ಪತ್ರೆಯ ಬಾಗಿಲಿನಿಂದಲೂ ಬಂದರು.

ಹೀಗಿರಲಾಗಿ ಗಂಜಿ ಕುಡಿದದ್ದು ನಿಜವೆಂದು ಒಪ್ಪಿಕೊಳ್ಳುವದಕ್ಕೆ ನಮಗೆ ನಾಚಿಕೆಯಾಕೆ? ಹೊಟ್ಟೆ ಬೆನ್ನಿಗೆ ಹತ್ತಿದ ಮಗುವಿಗೆ ಮೊದಲು ಯಾವ ಸಿದ್ಧಾಂತವನ್ನು ಬೋಧಿಸಬೇಕಾಗಿತ್ತು? ಆ ಮಗುವಿನ ನಾಲಿಗೆಗೆ ದೇವರ ಒಳ್ಳೆಯತನವು ಮೊದಲು ತಾಕಿದ್ದು ಒಂದು ಸೌಟು ರಾಗಿ ಅಂಬಲಿಯಲ್ಲಾದರೆ, ಆ ಅಂಬಲಿಯು ಕೀಳೆಂದು ನಾವು ಹೇಳಲಾರೆವು. ನಾಚಿಕೆಪಡಬೇಕಾದದ್ದು ಬೇರೊಂದಿದೆ. ಅದನ್ನು ಮುಂದೆ ಹೇಳುತ್ತೇವೆ.

ಯೆಹೋವನ ಒಳ್ಳೆಯತನವನ್ನು ರುಚಿಸಿ ನೋಡಬೇಕೆಂದು ಜನರನ್ನು ಕರೆಯುವ ಮೂವತ್ತನಾಲ್ಕನೆಯ ಕೀರ್ತನೆಯನ್ನು ತೆರೆದು, ಅದರ ಮೇಲ್ಬರಹವನ್ನು ಓದಿರಿ. ದಾವೀದನು ಅಬೀಮೆಲೆಕನ ಮುಂದೆ ಹುಚ್ಚನಂತೆ ನಟಿಸಿ ಹೊರಗೆ ಅಟ್ಟಲ್ಪಟ್ಟ ಕಾಲಕ್ಕೆ ಸಂಬಂಧಪಟ್ಟದ್ದೆಂದು ಅಲ್ಲಿ ಬರೆದದೆ. ಸಮುವೇಲನ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದಲ್ಲಿ ಈ ಅರಸನನ್ನು ಗತ್ ಊರಿನ ಆಕೀಷನೆಂದು ಹೇಳಿದೆ. ಆ ಅಧ್ಯಾಯವನ್ನು ಓದುವವರಿಗೆ ಒಂದು ಆಶ್ಚರ್ಯ ಕಾದಿದೆ. ಇಷ್ಟು ಧೈರ್ಯವಾಗಿ ರುಚಿ ನೋಡಿರೆನ್ನುವ ದಾವೀದನು ಆಗ ಅರಮನೆಯಲ್ಲಿ ಉಂಡು ಕುಳಿತವನಲ್ಲ. ಸೌಲನ ಈಟಿಗೆ ಹೆದರಿ ಓಡಿಬಂದು, ನೋಬ್ ಊರಿನ ಯಾಜಕನಾದ ಅಹೀಮೆಲೆಕನ ಮುಂದೆ ಕೈಯೊಡ್ಡಿ, ನಾಲ್ಕೈದು ರೊಟ್ಟಿಯಿದ್ದರೆ ಕೊಡೆಂದು ಬೇಡಿಕೊಂಡವನು. ಅಲ್ಲಿ ಸಾಮಾನ್ಯವಾದ ರೊಟ್ಟಿಯಿಲ್ಲದೆ, ದೇವರ ಸನ್ನಿಧಿಯಲ್ಲಿ ಇಟ್ಟು ತೆಗೆದ ಪರಿಶುದ್ಧ ರೊಟ್ಟಿಯನ್ನೇ ಯಾಜಕನು ಅವನಿಗೆ ಕೊಟ್ಟನು. ಪ್ರಿಯರೇ, ಇಸ್ರಾಯೇಲಿನ ಮಹಾ ಅರಸನೂ ಒಂದು ಕಾಲದಲ್ಲಿ ದೇವರ ಮನೆಯ ಬಾಗಿಲಲ್ಲಿ ಬೇಡಿ ತಿಂದವನೇ. ನಮ್ಮ ತಾತಂದಿರನ್ನು ಹೀನೈಸುವವರು ದಾವೀದನನ್ನೂ ಹೀನೈಸಬೇಕಾದೀತು.

ಆದರೆ ಅಲ್ಲಿಗೇ ನಿಂತುಬಿಟ್ಟರೆ ನಾವು ಅರ್ಧ ಓದಿದ ಹಾಗಾಯಿತು. ಆ ರೊಟ್ಟಿಯನ್ನು ದಾವೀದನು ಪಡೆದದ್ದು ಸುಳ್ಳು ಹೇಳಿ. ಅರಸನು ಗುಟ್ಟಾದ ಕೆಲಸಕ್ಕಾಗಿ ತನ್ನನ್ನು ಕಳುಹಿಸಿದ್ದಾನೆಂದು ಅವನು ಯಾಜಕನನ್ನು ನಂಬಿಸಿದನು. ಅಲ್ಲಿದ್ದ ದೋಯೇಗನು ಇದನ್ನು ನೋಡಿ ಸೌಲನಿಗೆ ತಿಳಿಸಿದನು. ಆ ದಿನ ಸೌಲನ ಅಪ್ಪಣೆಯಿಂದ ಸತ್ತ ಯಾಜಕರು 85 ಮಂದಿಯೆಂದು ಮುಂದಿನ ಅಧ್ಯಾಯದಲ್ಲಿ ಬರೆದದೆ. ಅವರ ಸಾವಿಗೆ ತಾನೇ ಕಾರಣನಾದೆನೆಂದು ದಾವೀದನು ಬದುಕಿ ಉಳಿದ ಎಬ್ಯಾತಾರನ ಮುಂದೆ ಒಪ್ಪಿಕೊಂಡನು. ಈಗ ಕೀರ್ತನೆಯನ್ನು ತಿರಿಗಿ ನೋಡಿರಿ. ರುಚಿ ನೋಡಿರೆಂದು ಹೇಳಿದ ಆ ಬಾಯೇ ಐದು ವಚನಗಳ ತರುವಾಯ, ನಾಲಿಗೆಯನ್ನು ಕೇಡಿನಿಂದಲೂ ತುಟಿಗಳನ್ನು ವಂಚನೆಯಿಂದಲೂ ಕಾಪಾಡಿಕೊಳ್ಳಬೇಕೆಂದು ಕಲಿಸುತ್ತದೆ. ಇದು ಪುಸ್ತಕ ಓದಿ ಕಲಿತ ಪಾಠವಲ್ಲ. ಅದೇ ನಾಲಿಗೆಯಿಂದ ರೊಟ್ಟಿಯ ರುಚಿಯನ್ನೂ ಸುಳ್ಳಿನ ಫಲವನ್ನೂ ತಿಂದವನು ಕಲಿತ ಪಾಠ. ದೇವರು ಸುಳ್ಳುಗಾರನಿಗೂ ರೊಟ್ಟಿ ಕೊಟ್ಟನು. ಆದರೆ ರೊಟ್ಟಿ ತಿಂದವನು ಸುಳ್ಳುಗಾರನಾಗಿಯೇ ಉಳಿಯಲೆಂದು ಕೊಡಲಿಲ್ಲ.

ಗತ್ ಊರಿನಿಂದ ತಪ್ಪಿಸಿಕೊಂಡ ದಾವೀದನು ಅದುಲ್ಲಾಮೆಂಬ ಗವಿಗೆ ಹೋದನು. ಅಲ್ಲಿ ಅವನನ್ನು ಸೇರಿದವರು ಯಾರೆಂದು ಬಲ್ಲಿರಾ? ಕಷ್ಟದಲ್ಲಿದ್ದವರು, ಸಾಲ ತೀರಿಸಲಾರದವರು, ಮನಸ್ಸು ಕಹಿಯಾದವರು, ಸುಮಾರು 400 ಮಂದಿ. ಈ ಕೀರ್ತನೆಯನ್ನು ಮೊದಲು ಕೇಳಿದವರು ಅವರೇ ಆಗಿರಬೇಕೆಂದು ನಮ್ಮ ಭಾವನೆ. ಕೊಳವೆ ಬಾವಿ ಕೊರೆಯಿಸಿ ನೀರು ಕಾಣದೆ ಸಾಲದಲ್ಲಿ ಬಿದ್ದಿರುವ ಸಹೋದರನೇ, ಸಂಘದ ಕಂತು ಕಟ್ಟುವ ದಿನ ಬಂತೆಂದರೆ ಎದೆ ನಡುಗುವ ಸಹೋದರಿಯೇ, ನೀವು ಆ ಗವಿಯಲ್ಲಿ ಹೊರಗಿನವರಲ್ಲ. ರುಚಿ ನೋಡಿರೆಂಬ ಕರೆಯು ಮೊದಲು ನಿಮ್ಮ ಗುಂಪಿಗೇ ಕೊಡಲ್ಪಟ್ಟಿತು.

ಇನ್ನು ರುಚಿ ನೋಡುವದೆಂದರೇನು? ಮೇ, ಜೂನ್ ತಿಂಗಳುಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗಳಿಗೆ ಹೋದವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಬಾದಾಮಿಯೋ ರಸಪೂರಿಯೋ ಮಲ್ಲಿಕವೋ, ಮಾರುವವನು ಎಷ್ಟು ಹೊಗಳಿದರೂ ಕೊಳ್ಳುವವನು ಒಂದು ಹೋಳು ಬಾಯಿಗೆ ಹಾಕಿಕೊಳ್ಳದೆ ಹಣ ಎಣಿಸುವದಿಲ್ಲ. ನಮ್ಮ ತಂದೆ ಹತ್ತು ವರ್ಷದ ಕೆಳಗೆ ನಿಮ್ಮ ತೋಪಿನ ಹಣ್ಣನ್ನು ತಿಂದಿದ್ದರಂತೆ, ಚೆನ್ನಾಗಿತ್ತಂತೆ ಎಂದು ಹೇಳಿ ಲಾರಿ ತುಂಬಿಸಿಕೊಂಡು ಹೋಗುವ ವ್ಯಾಪಾರಿಯುಂಟೋ? ಹೊಟ್ಟೆಗೆ ಬೇಕಾದ ಹಣ್ಣಿನ ವಿಷಯದಲ್ಲಿ ಇಷ್ಟು ಜಾಣರಾದ ನಾವು ಆತ್ಮದ ವಿಷಯದಲ್ಲಿ ಮಾತ್ರ ಅಂತೆಯೆಂಬ ಮಾತಿನಲ್ಲಿಯೇ ಬದುಕುತ್ತಿದ್ದೇವೆ. ತಾತನು ದೇವರಿಂದ ಒಳ್ಳೇದನ್ನು ಹೊಂದಿದನಂತೆ, ಅಜ್ಜಿಯ ರೋಗವು ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ಪ್ರಾರ್ಥನೆಯ ಸಂಗಡ ವಾಸಿಯಾಯಿತಂತೆ. ನಾವೂ ಬಹುಕಾಲ ಈ ಅಂತೆಗಳನ್ನೇ ಪ್ರಸಂಗಮಾಡಿದವರಾದದರಿಂದ ಇದನ್ನು ಹೇಳುವಾಗ ನಮ್ಮ ಬೆರಳು ನಮ್ಮ ಕಡೆಗೂ ತಿರುಗಿದೆ. ಹಿರಿಯರ ಅನುಭವವು ಹಗೇವಿನಲ್ಲಿ ಮುಚ್ಚಿಟ್ಟ ರಾಗಿಯಲ್ಲ. ರಾಗಿಯಾದರೆ ವರ್ಷಗಟ್ಟಲೆ ಕೆಡದೆ ನಿಂತು ಮೊಮ್ಮಕ್ಕಳಿಗೂ ಆದೀತು. ದೇವರ ಒಳ್ಳೆಯತನವನ್ನು ತಾತನ ನಾಲಿಗೆಯಿಂದ ಮೊಮ್ಮಗನು ರುಚಿ ನೋಡಲಾರನು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕಬೇಕು. ಒಳ್ಳೆಯತನವೆಂದರೆ ಒಳ್ಳೇ ಬೆಲೆಯೆಂದು ನಮ್ಮಲ್ಲಿ ಅನೇಕರ ಎಣಿಕೆ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೋ ಬಾಕ್ಸು 2,000 ರೂಪಾಯಿಗೂ ಮೇಲೆ ಹೋಯಿತಷ್ಟೆ. ಆಗ ಗುಡಿಯಲ್ಲಿ ಸ್ತೋತ್ರ ಕಾಣಿಕೆಗಳಿಗೆ ಕಡಿಮೆಯಿರಲಿಲ್ಲ. ಕರ್ತನು ಒಳ್ಳೆಯವನೆಂಬ ಸಾಕ್ಷಿಗಳಿಗೂ ಕಡಿಮೆಯಿರಲಿಲ್ಲ. ಸೆಪ್ಟೆಂಬರಿನೊಳಗೆ ಆ ಬೆಲೆಯು ನೆಲಕ್ಕೆ ಬಿತ್ತು. ಅದರೊಂದಿಗೆ ಕೆಲವರ ಸಾಕ್ಷಿಯೂ ಬಿತ್ತು. ಅಂಥವರು ಆರಾಧನೆಗೆ ಬಾರದೆ ನಿಂತದ್ದನ್ನು ನಾವು ಕಂಡೆವು. 2025ರ ಜೂನ್ ತಿಂಗಳಲ್ಲಿ ಕರ್ನಾಟಕದ ತೋತಾಪುರಿಯು ಚಿತ್ತೂರು ಜಿಲ್ಲೆಯ ಕಾರ್ಖಾನೆಗಳಿಗೆ ಹೋಗದಂತೆ ಅಲ್ಲಿನ ಅಧಿಕಾರಿಗಳು ತಡೆದಾಗಲೂ ಶ್ರೀನಿವಾಸಪುರದ ತೋಪುಗಳಲ್ಲಿ ದೊಡ್ಡ ವ್ಯಥೆಯುಂಟಾಯಿತು. ಅದು ಹಗುರವಾದ ವ್ಯಥೆಯೆಂದು ನಾವು ಹೇಳುವದಿಲ್ಲ. ವರ್ಷಕ್ಕೊಂದೇ ಬೆಳೆಯನ್ನು ನಂಬಿ ಮಗಳ ಮದುವೆಗೆ ದಿನ ಗೊತ್ತುಮಾಡಿದವನ ಸಂಕಟವನ್ನು ಪೀಠದ ಮೇಲೆ ನಿಂತು ಅಳೆಯಲಾಗದು. ಆದರೆ ದೇವರ ಒಳ್ಳೆಯತನವು ಮಂಡಿಯ ಹಲಗೆಯ ಮೇಲೆ ಹೊತ್ತಾರೆ ಬರೆದು ಸಾಯಂಕಾಲ ಅಳಿಸುವ ಬೆಲೆಯಾಗಿದ್ದರೆ, ಗವಿಯಲ್ಲಿದ್ದ ಆ 400 ಮಂದಿಗೆ ದಾವೀದನು ಏನನ್ನು ಹೇಳಬಹುದಾಗಿತ್ತು? ಅದೇ ಕೀರ್ತನೆಯು ನೀತಿವಂತನಿಗೆ ಬಹಳ ಕಷ್ಟಗಳು ಬರುವವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮುರಿದ ಮನಸ್ಸುಳ್ಳವರ ಹತ್ತಿರದಲ್ಲಿ ಯೆಹೋವನು ಇದ್ದಾನೆಂದು ಹೇಳುತ್ತದೆ. ಹತ್ತಿರದಲ್ಲಿದ್ದಾನೆಂಬದೇ ಆ ಒಳ್ಳೆಯತನ.

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಮನೆ ಪ್ರಾರ್ಥನೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಈ ವಾರ ದೇವರ ಒಳ್ಳೆಯತನವನ್ನು ಎಲ್ಲಿ ಕಂಡಿರೆಂದು ಒಬ್ಬೊಬ್ಬರನ್ನು ಕೇಳುತ್ತಾ ಹೋಗಲು, ಒಬ್ಬ ವಿಧವೆಯು ಬಹಳ ಹೊತ್ತು ಸುಮ್ಮನಿದ್ದಳು. ಆಕೆಯ ಬೋರು ಬತ್ತಿಹೋಗಿತ್ತು. ಸಾಲ ಮಾತ್ರ ಬತ್ತಿರಲಿಲ್ಲ. ಕಡೆಗೆ ಆಕೆ ಹೇಳಿದ್ದು: “ಅಯ್ಯನವರೇ, ಸಾಲ ಕೊಟ್ಟೋರ ಮನೆ ಮುಂದೆ ಓಡಾಡೋಕೆ ನಾಚ್ಕೊಂಡು, ಒಂದು ವರ್ಷದಿಂದ ಕೆರೆ ಕಟ್ಟೆ ಮೇಲೆ ಸುತ್ತಿ ಬರ್ತಿದ್ದೆ. ಬರೋ ತಿಂಗಳು ಕೊಡ್ತೀನಿ ಅಂತ ಸುಳ್ಳು ಹೇಳ್ತಿದ್ದೆ. ಈ ಸೋಮವಾರ ನೆಟ್ಟಗೆ ಅವರ ಮನೆಗೆ ಹೋಗಿ, ಇಷ್ಟೇ ಆಗೋದು, ಇಷ್ಟಿಷ್ಟೇ ಕೊಡ್ತೀನಿ ಅಂತ ನಿಜ ಹೇಳ್ದೆ. ಅವರು ಬೈದ್ರು. ಬೈದ್ರೂ ಒಪ್ಕೊಂಡ್ರು. ಅವತ್ತು ರಾತ್ರಿ ನಿದ್ದೆ ಬಂತು.” ಇಷ್ಟು ಹೇಳಿ ಆಕೆ ಸೆರಗಿನಿಂದ ಮುಖ ಒರಸಿಕೊಂಡಳು. ಸಾಲ ತೀರಲಿಲ್ಲ, ಬೋರಿನಲ್ಲಿ ನೀರು ಬರಲಿಲ್ಲ. ಆದರೂ ಆ ರಾತ್ರಿಯ ನಿದ್ರೆಯನ್ನು ಕೊಟ್ಟವನು ಯಾರೆಂದು ಆಕೆಗೆ ಗೊತ್ತಿತ್ತು. ದಾವೀದನು ನೋಬಿನಲ್ಲಿ ಆಡಲಾರದೆ ಹೋದ ಮಾತನ್ನು ಈ ಅಕ್ಷರವರಿಯದ ಹೆಂಗಸು ಆಡಿದ್ದಳು.

ಈಗ ಪೇತ್ರನ ಪತ್ರಿಕೆಗೆ ಬರೋಣ. ಆ ಅಪೊಸ್ತಲನು ಇದೇ ಕೀರ್ತನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಚದರಿಹೋಗಿದ್ದ ಬಡ ಸಭೆಗಳಿಗೆ ಬರೆದನು. ಕರ್ತನು ಒಳ್ಳೆಯವನೆಂದು ನೀವು ರುಚಿ ನೋಡಿದವರಲ್ಲವೇ. ಹಾಗಾದರೆ ಆಗ ಹುಟ್ಟಿದ ಕೂಸುಗಳು ಹಾಲಿಗಾಗಿ ಹಾತೊರೆಯುವ ಪ್ರಕಾರ ಕಲಬೆರಕೆಯಿಲ್ಲದ ವಾಕ್ಯದ ಹಾಲನ್ನು ಬಯಸಿ ಬೆಳೆಯಬೇಕು ಎಂಬದು ಅವನ ಮಾತಿನ ಅಭಿಪ್ರಾಯ. ಕೊರಿಂಥದವರಿಗೆ ಬರೆಯುವಾಗ ಪೌಲನು ಹಾಲು ಕುಡಿಯುವದನ್ನು ಬಾಲ್ಯದ ಗುರುತೆಂದು ಸ್ವಲ್ಪ ಗದರಿಸಿದ್ದಾನೆ. ಪೇತ್ರನು ಇಲ್ಲಿ ಗದರಿಸುವದಿಲ್ಲ. ಹಸಿವೆಯಿಲ್ಲದ ಕೂಸನ್ನು ಕಂಡು ಹೆದರುವ ತಾಯಿಯ ಹಾಗೆ ಮಾತಾಡುತ್ತಾನೆ.

ಮೂಲ ಗ್ರೀಕ್ ಭಾಷೆಯಲ್ಲಿ ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಮೊದಲನೆಯ ವಚನದಲ್ಲಿ ತೆಗೆದುಹಾಕಬೇಕೆಂದು ಹೇಳಿದ ವಂಚನೆಗೆ ದೋಲೊಸ್ ಎಂದು ಹೆಸರು. ಎರಡನೆಯ ವಚನದಲ್ಲಿ ಹಾಲನ್ನು ಶುದ್ಧವಾದದ್ದೆಂದು ಹೇಳುವ ಮಾತು ಅದೋಲೊಸ್. ವಂಚನೆಯಿಲ್ಲದ್ದು ಎಂದು ಅರ್ಥ. ಹೊತ್ತಾರೆ ಸಾಯಂಕಾಲ ಡೈರಿಗೆ ಹಾಲು ಹಾಕುವ ನಮಗೆ ಇದಕ್ಕಿಂತ ಸುಲಭವಾದ ವ್ಯಾಖ್ಯಾನ ಬೇಡ. ಡಿಗ್ರಿ ನೋಡುವ ಗಾಜಿನ ಕಡ್ಡಿಯನ್ನು ಹಾಲಿನಲ್ಲಿ ಬಿಟ್ಟಾಗ ಯಾರು ನೀರು ಬೆರಸಿದರೆಂದು ಎಲ್ಲರ ಮುಂದೆ ತಿಳಿದುಬರುತ್ತದೆ. ದೇವರ ವಾಕ್ಯದಲ್ಲಿ ನೀರಿಲ್ಲ. ಅದನ್ನು ದಿನಾಲೂ ಕುಡಿಯುವ ಬಾಯಿಯಲ್ಲಿ ವಂಚನೆಯು ಬಹುಕಾಲ ನಿಲ್ಲಲಾರದು. ಇದೇ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಪೇತ್ರನು ದಾವೀದನ ಆ ನಾಲಿಗೆಯ ವಚನವನ್ನೇ ಎತ್ತಿಕೊಂಡಿದ್ದಾನೆ. ಯಾಜಕನ ಮನೆಯಲ್ಲಿ ಮೂರಾವರ್ತಿ ಸುಳ್ಳಾಡಿ, ಕೋಳಿ ಕೂಗಿದಾಗ ಅತ್ತವನು ಅದನ್ನು ಬರೆಯುವಾಗ ಏನೆಂದುಕೊಂಡನೋ!

ಈ ಹಾಲು ನಮಗೆ ನಮ್ಮ ಮಾತಿನಲ್ಲಿ ದೊರೆತು ಬಹುಕಾಲವಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಯಲ್ಲಿ ಕುಳಿತು ವರ್ಷಗಟ್ಟಲೆ ಶ್ರಮಪಟ್ಟು, 1831ರ ವೇಳೆಗೆ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ನಮ್ಮ ಗಡಿಯ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು, ಗುಡಿಯೊಳಗೆ ಕನ್ನಡ. ಎರಡು ಭಾಷೆಗಳಲ್ಲಿಯೂ ಸತ್ಯವೇದವುಂಟು. ಉಂಟು, ಆದರೆ ಅಟ್ಟದ ಮೇಲುಂಟು. ಅದನ್ನು ಇಳಿಸಿ ದಿನಕ್ಕೊಂದು ಅಧ್ಯಾಯ ಓದುವ ಮನೆಗಳೆಷ್ಟು? ಅದರ ಬದಲಾಗಿ ಈಗ ಕೈಯಲ್ಲಿರುವ ಫೋನಿನಲ್ಲಿ ಎಲ್ಲಿಂದಲೋ ಬರುವ ಪ್ರಸಂಗಗಳನ್ನು ಕೇಳುವದು ಹೆಚ್ಚಾಗಿದೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಇಷ್ಟು ಕಾಣಿಕೆ ಕಳುಹಿಸಿದರೆ ಇಷ್ಟು ಹೆಚ್ಚಾಗಿ ತಿರಿಗಿ ಬರುವದೆಂದು ಆಸೆ ತೋರಿಸುವ ಪ್ರಸಂಗಕ್ಕೆ ಆ ಡಿಗ್ರಿಯ ಕಡ್ಡಿಯನ್ನು ಇಟ್ಟು ನೋಡಿರೆಂದು ನಾವು ಎಚ್ಚರಿಸುತ್ತೇವೆ. ಅದು ಹಾಲಲ್ಲ, ಹಾಲಿನ ಬಣ್ಣದ ನೀರು.

ಬೆಳವಣಿಗೆಯು ಒಂದೇ ದಿನದಲ್ಲಿ ಕಾಣುವ ಸಂಗತಿಯಲ್ಲ. ನಮ್ಮ ಮನೆಗಳಲ್ಲಿ ಕೂಸಿಗೆ ಮೊದಲು ಹಾಲು, ಆರು ತಿಂಗಳಾದ ಮೇಲೆ ರಾಗಿ ಸರಿ, ಆಮೇಲೆ ಮೆತ್ತಗೆ ಕಲಸಿದ ಅನ್ನ, ಹಲ್ಲು ಬಲಿತ ಮೇಲೆ ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತು. ಯಾವ ತಾಯಿಯೂ ಮಗುವನ್ನು ದಿನಾಲೂ ಗೋಡೆಗೆ ನಿಲ್ಲಿಸಿ ಅಳೆಯುವದಿಲ್ಲ. ಕ್ರಿಸ್ಮಸ್ಸಿಗೆ ಹೋದ ವರ್ಷದ ಅಂಗಿಯನ್ನು ತೊಡಿಸಲು ಹೋದಾಗ ಅದು ಹೆಗಲಲ್ಲಿ ಬಿಗಿಯಾಗುತ್ತದೆ; ಆಗ ಮಗು ಬೆಳೆದಿದೆಯೆಂದು ಗೊತ್ತಾಗುತ್ತದೆ. ಆತ್ಮಿಕ ಬೆಳವಣಿಗೆಯನ್ನೂ ಹೀಗೆಯೇ ತಿಳಿಯಬೇಕು. ಹೋದ ವರ್ಷದ ಹಗೆಯು ಈ ವರ್ಷ ನಮಗೆ ಸಲೀಸಾಗಿ ಹಿಡಿಸಿದರೆ ನಾವು ಬೆಳೆದಿಲ್ಲ.

ನಾಚಿಕೆಪಡಬೇಕಾದದ್ದು ಬೇರೊಂದಿದೆಯೆಂದು ಮೇಲೆ ಹೇಳಿದೆವು. ಅದು ಇದೇ. ನೂರೈವತ್ತು ವರ್ಷಗಳ ಹಿಂದೆ ಅಂಬಲಿಯಲ್ಲಿ ದೇವರ ಒಳ್ಳೆಯತನವನ್ನು ರುಚಿ ನೋಡಿದವರ ಸಂತಾನವು ಇನ್ನೂ ಅಂಬಲಿಯ ಬಟ್ಟಲನ್ನೇ ಹಿಡಿದು ಕುಳಿತಿರುವದು. ಸಭೆಯು ನಮಗೆ ಏನು ಕೊಟ್ಟಿತೆಂದು ಕೇಳುತ್ತೇವೆ. ಆಯವ್ಯಯದ ಕಮಿಟಿಯಲ್ಲಿ ಸ್ಥಾನ ಸಿಕ್ಕದಿದ್ದರೆ ಮುಖ ತಿರುಗಿಸಿ ಬೇರೆ ಗುಂಪು ಕಟ್ಟುತ್ತೇವೆ. ಒಂದೇ ಮೇಜಿನಿಂದ ಕರ್ತನ ರೊಟ್ಟಿಯನ್ನು ತೆಗೆದುಕೊಂಡ ನಾವು, ನಮ್ಮ ಹುಡುಗನಿಗೆ ಹೆಣ್ಣು ನೋಡುವ ಹೊತ್ತಿಗೆ ಆ ಸಹೋದರನು ಮೊದಲು ಯಾವ ಕೇರಿಯವನೆಂದು ವಿಚಾರಿಸುತ್ತೇವೆ. ಪೇತ್ರನು ಮೊದಲನೆಯ ವಚನದಲ್ಲಿ ಹೇಳಿದ ಕೆಟ್ಟತನ, ವಂಚನೆ, ಕಪಟ, ಹೊಟ್ಟೇಕಿಚ್ಚು, ಚಾಡಿ ಎಂಬವುಗಳನ್ನು ಓದುವಾಗ ಅವು ಬೇರೆ ಊರಿನ ಸಭೆಯವರಿಗೆಂದು ತಿಳುಕೊಳ್ಳುತ್ತೇವೆ. ನೆರೆಯವನು ನಮ್ಮನ್ನು ಗಂಜಿಯವರೆಂದು ಕರೆದರೆ ಅದು ನಿಂದೆಯಾಗದು. ನಮ್ಮ ಬಾಯನ್ನು ನೋಡಿ, ರುಚಿ ನೋಡಿದ ಗುರುತು ಇವರಲ್ಲಿ ಎಲ್ಲಿದೆಯೆಂದು ಅವನು ಕೇಳಿದರೆ ಮಾತ್ರ ನಮ್ಮಲ್ಲಿ ಉತ್ತರವಿರುವದಿಲ್ಲ.

ಒಳ್ಳೆಯವನೆಂದು ಪೇತ್ರನು ಹೇಳಿದ ಮಾತಿಗೆ ಗ್ರೀಕಿನಲ್ಲಿ ಖ್ರೇಸ್ತೊಸ್ ಎಂದಿದೆ. ಕರ್ತನು ತನ್ನ ನೊಗವು ಮೃದುವಾದದ್ದೆಂದು ಹೇಳಿದಲ್ಲಿ ಮತ್ತಾಯನು ಬರೆದದ್ದೂ ಆ ಮಾತನ್ನೇ. ಮೃದುವಾದ ನೊಗವೆಂದರೆ ಎತ್ತಿನ ಹೆಗಲನ್ನು ಗಾಯಮಾಡದ ನೊಗವೆಂದು ರೈತರಾದ ನಿಮಗೆ ತಿಳಿದದೆ. ಟ್ರ್ಯಾಕ್ಟರು ಬಂದ ಮೇಲೆ ನೊಗವು ಅನೇಕ ಹಳ್ಳಿಗಳಲ್ಲಿ ಹಟ್ಟಿಯ ಗೋಡೆಗೆ ಒರಗಿ ನಿಂತಿದೆ. ಆದರೂ ಹಿರಿಯರು ಬಲ್ಲರು, ನೊಗವನ್ನು ಒಂಟಿ ಎತ್ತಿಗೆ ಕಟ್ಟುವದಿಲ್ಲ. ಒಳ್ಳೆಯತನವನ್ನು ಬಾಯಿಂದ ರುಚಿ ನೋಡಿದವನು ಅದೇ ಒಳ್ಳೆಯತನವನ್ನು ಹೆಗಲ ಮೇಲೆಯೂ ಹೊರಬೇಕು. ಅವನ ಪಕ್ಕದಲ್ಲಿ ನಡೆಯುವವನು ಕರ್ತನು.

ಆ ನೊಗವು ಯಾವ ಹೊಲಕ್ಕೆ ಹೋಗುವದು? ದೂರ ಹುಡುಕಬೇಕಾದದ್ದಿಲ್ಲ. ಮಾಲೂರಿನ ಸುತ್ತ ಇಟ್ಟಿಗೆ ಗೂಡುಗಳಿವೆ. ಬೇರೆ ಸೀಮೆಗಳಿಂದ ಬಂದು, ನಮ್ಮ ಭಾಷೆಯನ್ನು ಅರಿಯದೆ, ಗೂಡಿನ ಪಕ್ಕದಲ್ಲಿ ತಗಡಿನ ಮರೆ ಕಟ್ಟಿಕೊಂಡು ಮಣ್ಣು ತುಳಿಯುವ ಸಂಸಾರಗಳು ಅಲ್ಲಿವೆ. ಅವರ ಮಕ್ಕಳು ಹಸಿ ಇಟ್ಟಿಗೆಯ ಸಾಲುಗಳ ನಡುವೆ ಆಡುತ್ತಿರುವದನ್ನು ನೀವು ಬಸ್ಸಿನಿಂದ ನೋಡಿದ್ದೀರಿ. ಟೊಮೆಟೋ ಕೀಳುವ ಕಾಲದಲ್ಲಿ ಕೋಲಾರದ ತೋಟಗಳಿಗೂ ಹೊರಗಿನ ಕೂಲಿಯವರು ಬರುತ್ತಾರೆ. ಅವರಿಗೆ ಜ್ವರ ಬಂದ ದಿನ ವಿಚಾರಿಸುವವರಿಲ್ಲ. ನಮ್ಮ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಕುಂಬಳಕಾಯಿ, ರಾಗಿ, ಕೋಳಿಗಳನ್ನು ಹರಾಜು ಹ��ಕಿ, ಹೆಚ್ಚು ಕೂಗಿದವನ ಹೆಸರನ್ನು ಓದುವದು ಸಂತೋಷದ ಸಂಗತಿಯೇ. ಆ ರಾಗಿಯಲ್ಲಿ ಒಂದು ಚೀಲವಾದರೂ ಈ ವರ್ಷ ಹರಾಜಿಗೆ ಬಾರದೆ, ಗೂಡುಗಳ ಕಡೆಗೆ ಹೋಗುವಂತೆ ಸಭೆಯ ಹಿರಿಯರು ಏರ್ಪಡಿಸುವರೋ? ಅವರು ಯಾವ ಜಾತಿಯವರು, ಯಾವ ದೇವರನ್ನು ಪೂಜಿಸುವವರು, ನಮ್ಮ ಗುಡಿಗೆ ಬರುವರೋ ಇಲ್ಲವೋ ಎಂಬ ಪ್ರಶ್ನೆಗಳನ್ನು ಈಗಾಗಲೇ ಕೆಲವರು ಕೇಳಿದ್ದಾರೆ. ಅದಕ್ಕೆ ಉತ್ತರವಾಗಿ ದಾವೀದನ ವೃತ್ತಾಂತದ ಇನ್ನೊಂದು ಭಾಗವನ್ನು ಓದಬೇಕು. ಅದು ಅದೇ ಗ್ರಂಥದ 30ನೆಯ ಅಧ್ಯಾಯದಲ್ಲಿದೆ.

ನೋಬಿನಲ್ಲಿ ರೊಟ್ಟಿ ಬೇಡಿದ ಮೇಲೆ ಕೆಲವು ವರ್ಷಗಳು ಕಳೆದಿದ್ದವು. ದಾವೀದನೂ ಅವನ ಜನರೂ ಊರಲ್ಲಿಲ್ಲದಾಗ ಅಮಾಲೇಕ್ಯರು ಬಂದು, ಅವರ ಊರಾದ ಚಿಕ್ಲಗನ್ನು ಸುಟ್ಟು, ಹೆಂಡತಿ ಮಕ್ಕಳನ್ನು ಸೆರೆಯೊಯ್ದರು. ದಾವೀದನು 600 ಮಂದಿಯೊಡನೆ ಬೆನ್ನಟ್ಟಿದನು. 200 ಮಂದಿ ದಣಿದು ಬೆಸೋರ್ ಹಳ್ಳದ ಬಳಿಯಲ್ಲಿ ನಿಂತುಬಿಟ್ಟರು. ಒಂದು ಕ್ಷಣವೂ ತಡಮಾಡಬಾರದ ಆ ಸಮಯದಲ್ಲಿ ಅಡವಿಯಲ್ಲಿ ಒಬ್ಬ ಐಗುಪ್ತ್ಯನು ಬಿದ್ದಿರುವದನ್ನು ಅವನ ಜನರು ಕಂಡು ಕರತಂದರು. ಅವನು ಮೂರು ದಿನ ಹಗಲಿರುಳು ಅನ್ನ ನೀರು ಕಂಡಿರಲಿಲ್ಲ. ರೋಗಿಯಾದನೆಂದು ಅವನ ದಣಿಯು ಅವನನ್ನು ಅಲ್ಲಿಯೇ ಬಿಟ್ಟು ಹೋಗಿದ್ದನು. ಆ ದಣಿಯು ಅಮಾಲೇಕ್ಯನು. ಈ ಆಳೂ ಚಿಕ್ಲಗಿಗೆ ಬೆಂಕಿಯಿಟ್ಟ ಗುಂಪಿನಲ್ಲಿ ಇದ್ದವನೇ. ಅದೊಂದೂ ಅವರಿಗೆ ಇನ್ನೂ ತಿಳಿದಿರಲಿಲ್ಲ. ಅವರು ಅವನಿಗೆ ರೊಟ್ಟಿ ಕೊಟ್ಟರು. ಕುಡಿಯುವದಕ್ಕೆ ನೀರು ಕೊಟ್ಟರು. ಅಂಜೂರದ ಉಂಡೆಯ ಒಂದು ತುಂಡನ್ನೂ ಒಣ ದ್ರಾಕ್ಷೆಯ ಎರಡು ಗೊಂಚಲನ್ನೂ ಕೊಟ್ಟರು. ಅವನು ತಿಂದನು, ಅವನಿಗೆ ಜೀವ ಬಂದ ಹಾಗಾಯಿತು. ಅವನು ಯಾರ ಕಡೆಯವನು, ಎಲ್ಲಿಂದ ಬಂದವನೆಂದು ದಾವೀದನು ಕೇಳಿದ್ದು ಅದಾದ ಮೇಲೆ.